ಬೈಕಿಗೆ ಅಲಾರಾಂ: ಅಳವಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮೈಸೂರು: ನಗರದ ದಕ್ಷಿಣ ಭಾಗದಲ್ಲಿರುವ ಅಶೋಕಪುರಂ ಹಳೆಯ ಬಡಾವಣೆಗಳಲ್ಲೊಂದು. ರೈಲ್ವೆ ಕಾರ್ಯಾಗಾರ ಇಲ್ಲಿದೆ. ಚಾಮರಾಜನಗರ ಮಾರ್ಗದ ರೈಲು ನಿಲ್ದಾಣವೂ ಇಲ್ಲಿದೆ. ಕಾರ್ಯಾಗಾರದ ಪಾಳಿಗೆ ಹೋಗುವವರು, ನಂಜನಗೂಡು ರಸ್ತೆಯ ಕಾರ್ಖಾನೆಗಳಿಗೆ ದುಡಿಯಲು ಹೋಗುವವರು, ಬೆಳಗಿನ ರೈಲು ಹಿಡಿಯುವವರು ನೆಚ್ಚಿಕೊಂಡಿರುವುದು ದ್ವಿಚಕ್ರ ವಾಹನವನ್ನೇ. ಆದರೆ ಇಂಥ ಹಳೆಯ ಬಡಾವಣೆಗಳ ಅನೇಕ ಮನೆಗಳಿಗೆ ಕಾಂಪೌಂಡು ಇಲ್ಲ, ಷೆಡ್ಡಿನ ಮಾತಂತೂ ದೂರ. ಹಗಲೆಲ್ಲ ನಿಲ್ದಾಣದ ಬಳಿ ನಿಲ್ಲುವ ಬೈಕು ರಾತ್ರಿ ಬೀದಿಯಲ್ಲೇ ನಿಲ್ಲುತ್ತದೆ. ಅದು ಕಳುವಾದರೆ ಹೋಗುವುದು ಕೇವಲ ಒಂದು ಯಂತ್ರವಲ್ಲ. ಮರುದಿನದ ಕೆಲಸಕ್ಕೆ ಹೋಗುವ ದಾರಿಯೇ ಮುಚ್ಚುತ್ತದೆ. ವಾಹನ ಇಲ್ಲವಾದರೂ ಬ್ಯಾಂಕಿನ ಸಾಲದ ಕಂತು ಮಾತ್ರ ತಪ್ಪುವುದಿಲ್ಲ.

ಈ ಕಾರಣಕ್ಕಾಗಿಯೇ ಕೆಲವು ನೂರು ರೂಪಾಯಿಗಳಿಂದ ಹಿಡಿದು ಕೆಲವು ಸಾವಿರದವರೆಗೆ ಬೆಲೆಯುಳ್ಳ ಅಲಾರಾಂ ಕಿಟ್‌ಗಳಿಗೆ ಬೇಡಿಕೆ ಇದೆ. ಸರಿಯಾಗಿ ಅಳವಡಿಸಿದರೆ ಇವು ಉಪಯುಕ್ತ. ತಪ್ಪಾಗಿ ಅಳವಡಿಸಿದರೆ ಬ್ಯಾಟರಿ ಬರಿದಾಗುವುದು, ವೈರಿಂಗ್ ಸುಡುವುದು, ಓಡುತ್ತಿರುವ ಎಂಜಿನ್ ನಡುರಸ್ತೆಯಲ್ಲಿ ನಿಲ್ಲುವುದು ಮುಂತಾದ ಅಪಾಯಗಳಿವೆ. ಅಳವಡಿಕೆಯ ವಿಧಾನ ಹಾಗೂ ಸಂಬಂಧಿಸಿದ ಕಾನೂನಿನ ವಿವರ ಇಲ್ಲಿದೆ.

ಕಳ್ಳನ ಕೆಲಸ, ಅಲಾರಾಂನ ಕೆಲಸ

ಸಾಮಾನ್ಯ ಬೈಕಿನ ರಕ್ಷಣೆಗೆ ಕಂಪನಿ ಕೊಡುವುದು ಎರಡೇ: ಹ್ಯಾಂಡಲ್ ಲಾಕ್ ಮತ್ತು ಇಗ್ನಿಷನ್ ಕೀಲಿ. ಹ್ಯಾಂಡಲನ್ನು ಬಲವಾಗಿ ಒದ್ದು ತಿರುಗಿಸಿದರೆ ಮೊದಲನೆಯದು ಮುರಿಯುತ್ತದೆ. ಬೀಗದ ಕೆಳಗಿನ ತಂತಿಗಳನ್ನು ಎಳೆದು ಜೋಡಿಸಿದರೆ ಎರಡನೆಯದು ನಿಷ್ಪ್ರಯೋಜಕ. ಸವೆದುಹೋದ ಹಳೆಯ ಬೀಗಗಳಿಗೆ ಬೇರೆ ಬೈಕಿನ ಕೀಲಿಯೂ ಹೊಂದಿಕೊಳ್ಳುವುದುಂಟು.

ಅಲಾರಾಂ ಮೂರು ಬಗೆಯಲ್ಲಿ ನೆರವಾಗುತ್ತದೆ. ವಾಹನವನ್ನು ಅಲುಗಿಸಿದಾಗ ಕಂಪನ ಸಂವೇದಕವು ಅದನ್ನು ಗುರುತಿಸಿ ಸೈರನ್ ಕೂಗಿಸುತ್ತದೆ. ಅಲಾರಾಂ ಚಾಲನೆಯಲ್ಲಿರುವಾಗ ಯಾರಾದರೂ ಇಗ್ನಿಷನ್ ಜೋಡಿಸಿದರೆ ಅದನ್ನೂ ಪತ್ತೆಹಚ್ಚುತ್ತದೆ. ಕಿಟ್‌ನಲ್ಲಿರುವ ರಿಲೇ ಎಂಜಿನ್ ಚಾಲೂ ಆಗದಂತೆ ತಡೆಯುತ್ತದೆ. ಮೂರನೆಯದೇ ಇವುಗಳಲ್ಲಿ ಮುಖ್ಯ. ಸೈರನ್ ಕೂಗಿದರೂ ಯಾರೂ ಹೊರಬರದಿರಬಹುದು, ಆದರೆ ಚಾಲೂ ಆಗದ ಬೈಕನ್ನು ತಳ್ಳಿಕೊಂಡೇ ಹೋಗಬೇಕಾಗುತ್ತದೆ. ಬೈಕನ್ನು ಎತ್ತಿ ಟೆಂಪೋದಲ್ಲಿ ಹಾಕಿಕೊಂಡು ಹೋಗುವವರನ್ನು ಮಾತ್ರ ಯಾವ ರಿಲೇಯೂ ತಡೆಯಲಾರದು. ಆದ್ದರಿಂದ ಚಕ್ರಕ್ಕೆ ಸರಪಳಿ ಅಥವಾ ಡಿಸ್ಕ್ ಲಾಕ್ ಹಾಕುವ ರೂಢಿಯನ್ನು ಅಲಾರಾಂ ಬಂದ ಮೇಲೂ ಬಿಡಬಾರದು.

ಕಿಟ್ ಕೊಳ್ಳುವಾಗ

ಪೆಟ್ಟಿಗೆಯಲ್ಲಿ ನಿಯಂತ್ರಣ ಘಟಕ, ಸೈರನ್, ಎರಡು ರಿಮೋಟ್ ಮತ್ತು ತಂತಿಗಳ ಕಟ್ಟು ಇರುತ್ತವೆ. ಪ್ರತಿ ಬಾರಿಯೂ ಸಂಕೇತ ಬದಲಾಗುವ ರಿಮೋಟ್ ಇರುವ ಕಿಟ್ ಉತ್ತಮ. ಒಂದೇ ಸಂಕೇತವನ್ನು ಕಳುಹಿಸುವ ಅಗ್ಗದ ರಿಮೋಟನ್ನು ನಕಲು ಮಾಡುವುದು ಸುಲಭ. ಘಟಕವು ಮಳೆಗೆ ಜಗ್ಗದಂತೆ ಮುಚ್ಚಿರಬೇಕು. ತಂತಿಗಳ ನಕ್ಷೆ ಇಲ್ಲದ ಕಿಟ್ಟನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು.

ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ, ಸುಮ್ಮನೆ ನಿಂತಾಗ ಅಲಾರಾಂ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದು. ಸಣ್ಣ ಬೈಕುಗಳ ಬ್ಯಾಟರಿ 3 ಆಂಪಿಯರ್-ಗಂಟೆಯಷ್ಟು ಚಿಕ್ಕದಿರುವುದುಂಟು. ಅಲಾರಾಂ 10 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 0.24 ಆಂಪಿಯರ್-ಗಂಟೆ ಖರ್ಚು. ಆರು ದಿನ ಬೈಕು ತೆಗೆಯದಿದ್ದರೆ ಅರ್ಧ ಬ್ಯಾಟರಿ ಮುಗಿದಿರುತ್ತದೆ, ಸೆಲ್ಫ್ ಸ್ಟಾರ್ಟ್ ಕೈಕೊಡಬಹುದು. ಕಿಕ್ ಇಲ್ಲದ ಈಗಿನ ಬೈಕುಗಳಲ್ಲಿ ಇದು ದೊಡ್ಡ ತೊಂದರೆ. 5 ಮಿಲಿ ಆಂಪಿಯರ್ ಅಥವಾ ಅದಕ್ಕೂ ಕಡಿಮೆ ಎಳೆಯುವ ಘಟಕವಾದರೆ ಅವಧಿ ಇಮ್ಮಡಿಯಾಗುತ್ತದೆ.

ಅಳವಡಿಸುವ ಕ್ರಮ

ವಿದ್ಯುತ್ ಕೆಲಸ ತಿಳಿದ ಮೆಕ್ಯಾನಿಕ್‌ನಿಂದಲೇ ಮಾಡಿಸುವುದು ಲೇಸು. ಆದರೂ ಕೆಲಸ ಹೇಗೆ ನಡೆಯಬೇಕೆಂಬುದು ಮಾಲೀಕನಿಗೆ ಗೊತ್ತಿರಬೇಕು.

1. ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಎಲ್ಲ ಜೋಡಣೆ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ಜೋಡಿಸಬೇಕು.

2. ನಿಯಂತ್ರಣ ಘಟಕವನ್ನು ಸೀಟಿನ ಕೆಳಗೆ, ಎಂಜಿನ್ ಬಿಸಿ ಮತ್ತು ನೀರು ತಾಗದ ಕಡೆ ಭದ್ರಪಡಿಸಬೇಕು. ಸಡಿಲವಾಗಿದ್ದರೆ ಕಂಪನ ಸಂವೇದಕ ವೃಥಾ ಕೆರಳುತ್ತದೆ. ಘಟಕದಿಂದ ಹೊರಚಾಚಿದ ಆಂಟೆನಾ ತಂತಿಯನ್ನು ಸುತ್ತಿಡಬಾರದು, ಕತ್ತರಿಸಬಾರದು.

3. ಸೈರನ್ ಬಾಯಿ ಕೆಳಮುಖವಾಗಿರಬೇಕು. ಮೇಲ್ಮುಖವಾಗಿದ್ದರೆ ಒಂದೇ ಮಳೆಗಾಲಕ್ಕೆ ಅದು ಮೂಕವಾಗುತ್ತದೆ. ಕೈಹಾಕಿ ಎಳೆಯಲು ಸಿಗುವ ಜಾಗದಲ್ಲಿಯೂ ಅದನ್ನು ಇಡಬಾರದು.

4. ಬ್ಯಾಟರಿಯ ಧನ ತುದಿಗೆ ಹೋಗುವ ತಂತಿಗೆ, ಬ್ಯಾಟರಿಯ ಹತ್ತಿರವೇ, ಕಿಟ್ ತಯಾರಕರು ಸೂಚಿಸಿದ ಪ್ರಮಾಣದ ಪ್ರತ್ಯೇಕ ಫ್ಯೂಸ್ ಹಾಕಬೇಕು. ಫ್ಯೂಸ್ ಇಲ್ಲದ ತಂತಿಯ ಹೊದಿಕೆ ಸವೆದು ಚೌಕಟ್ಟಿಗೆ ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

5. ಭೂತಂತಿ, ಇಗ್ನಿಷನ್ ತಂತಿ, ಎಡ ಮತ್ತು ಬಲ ಇಂಡಿಕೇಟರ್ ತಂತಿಗಳನ್ನು ಗುರುತಿಸಬೇಕು. ಹೀರೋ ಮತ್ತು ಹೋಂಡಾ ವಾಹನಗಳಲ್ಲಿ ಸಾಮಾನ್ಯವಾಗಿ ಹಸಿರು ಭೂತಂತಿ, ಕೆಂಪು ಬ್ಯಾಟರಿ ತಂತಿ, ಕಪ್ಪು ಇಗ್ನಿಷನ್ ತಂತಿ, ಕಿತ್ತಳೆ ಎಡ ಇಂಡಿಕೇಟರ್, ತಿಳಿನೀಲಿ ಬಲ ಇಂಡಿಕೇಟರ್. ಬೇರೆ ಕಂಪನಿಗಳ ಬಣ್ಣ ಬೇರೆ. ಕಿಟ್‌ನ ತಂತಿಗಳ ಬಣ್ಣವೂ ಬೈಕಿನ ಬಣ್ಣಕ್ಕೆ ಹೊಂದುವುದಿಲ್ಲ. ಬಣ್ಣವನ್ನು ನಂಬದೆ ಪ್ರತಿ ತಂತಿಯನ್ನೂ ಮಲ್ಟಿಮೀಟರ್‌ನಿಂದ ಪರೀಕ್ಷಿಸಬೇಕು. ಪರೀಕ್ಷೆಯ ಹೊತ್ತಿಗಷ್ಟೇ ಬ್ಯಾಟರಿ ಜೋಡಿಸಿ ಮತ್ತೆ ಬಿಚ್ಚಬೇಕು.

6. ಜೋಡಣೆಗಳನ್ನು ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆಯಿಂದ ಮುಚ್ಚಬೇಕು. ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ ಜೋಡಣೆ ಕೆಲವೇ ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ. ಅಲಾರಾಂ ಕೆಟ್ಟಿತೆಂದು ದೂರುವ ಅನೇಕರ ಬೈಕಿನಲ್ಲಿ ಕೆಟ್ಟಿರುವುದು ಈ ಜೋಡಣೆಗಳೇ.

ಎಂಜಿನ್ ತಡೆ: ಎಚ್ಚರ ಅಗತ್ಯ

ಎಂಜಿನ್ ತಡೆಯುವ ವಿಧಾನ ಬೈಕಿನ ಇಗ್ನಿಷನ್ ವ್ಯವಸ್ಥೆಯನ್ನು ಅವಲಂಬಿಸಿದೆ. ಹಳೆಯ ಎ.ಸಿ. ಸಿಡಿಐ ಬೈಕುಗಳಲ್ಲಿ ಒಂದು ತಂತಿಯನ್ನು ಭೂಮಿಗೆ ತಾಗಿಸಿದರೆ ಕಿಡಿ ನಿಲ್ಲುತ್ತದೆ. ಅಂಥವುಗಳಲ್ಲಿ ರಿಲೇ ಆ ತಂತಿಯನ್ನು ಭೂಮಿಗೆ ಸೇರಿಸಬೇಕು. ಡಿ.ಸಿ. ಸಿಡಿಐ ಬೈಕುಗಳಲ್ಲಿ ಇಗ್ನಿಷನ್‌ಗೆ ಬರುವ 12 ವೋಲ್ಟ್ ಸರಬರಾಜನ್ನು ಕಡಿಯಬೇಕು. ಒಂದರ ವಿಧಾನವನ್ನು ಇನ್ನೊಂದಕ್ಕೆ ಬಳಸಿದರೆ ಸಿಡಿಐ ಅಥವಾ ಫ್ಯೂಸ್ ಸುಡುತ್ತದೆ.

ಎರಡೂ ಬಗೆಯಲ್ಲಿ ಪಾಲಿಸಬೇಕಾದ ನಿಯಮ ಒಂದೇ: ರಿಲೇಗೆ ವಿದ್ಯುತ್ ಇಲ್ಲದಿದ್ದಾಗ ಬೈಕು ಓಡುವಂತಿರಬೇಕು. ಇದಕ್ಕೆ ವಿರುದ್ಧವಾಗಿ ಜೋಡಿಸಿದರೆ ಅಲಾರಾಂ ಘಟಕ ಕೆಟ್ಟ ಕ್ಷಣದಲ್ಲಿ ಎಂಜಿನ್ ನಿಂತುಹೋಗುತ್ತದೆ. ಅದು ಮನೆಯ ಮುಂದೆ ಆದರೆ ಕಿರಿಕಿರಿ, ನಂಜನಗೂಡು ರಸ್ತೆಯಲ್ಲಿ ಲಾರಿಯ ಮುಂದೆ ಆದರೆ ಪ್ರಾಣಾಪಾಯ. ಹೀಗೆ ಜೋಡಿಸಿದಾಗ ಅಲಾರಾಂನ ತಂತಿ ಕಡಿದ ಕಳ್ಳನಿಗೆ ಅನುಕೂಲವಾಗುತ್ತದೆ ಎಂಬುದು ನಿಜ. ಅದಕ್ಕೆ ಪರಿಹಾರ ಘಟಕವನ್ನು ಸುಲಭಕ್ಕೆ ಸಿಗದಂತೆ ಮರೆಮಾಡುವುದು. ಸವಾರನ ಸುರಕ್ಷತೆಯೊಡನೆ ಚೌಕಾಸಿ ಸಲ್ಲದು. ಓಡುತ್ತಿರುವ ಬೈಕನ್ನು ರಿಮೋಟ್‌ನಿಂದ ನಿಲ್ಲಿಸುವ ಸೌಲಭ್ಯ ಕಿಟ್‌ನಲ್ಲಿದ್ದರೆ ಅದನ್ನೂ ಜೋಡಿಸದೆ ಬಿಡುವುದೇ ಕ್ಷೇಮ. ಜೇಬಿನಲ್ಲಿ ರಿಮೋಟ್ ಗುಂಡಿ ಒತ್ತಿಹೋದರೂ ಎಂಜಿನ್ ನಿಲ್ಲಬಹುದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ನಂತರ ಬಹುತೇಕ ಬೈಕುಗಳು ಇಂಧನ ಇಂಜೆಕ್ಷನ್ ಹೊಂದಿವೆ. ಇವುಗಳ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಕ್ಕೆ ಹೋಗುವ ತಂತಿಗಳನ್ನು ಕತ್ತರಿಸಲೇಬಾರದು. ವಾರಂಟಿ ಅವಧಿಯಲ್ಲಿರುವ ವಾಹನವಾದರೆ, ಮೂಲ ವೈರಿಂಗ್ ಮುಟ್ಟುವ ಮೊದಲು ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸಿ, ಸಾಧ್ಯವಾದರೆ ಲಿಖಿತ ಉತ್ತರ ಪಡೆಯಬೇಕು.

ಮೈಸೂರಿನ ಜಾವಾಗಳಿಗೆ

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಆರಂಭವಾಗಿ, ಜಾವಾ ಹಾಗೂ ಯೆಜ್ಡಿ ಬೈಕುಗಳು ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಆ ಬೈಕುಗಳು ನಗರದಲ್ಲಿ ಇಂದಿಗೂ ಓಡುತ್ತಿವೆ, ಅವುಗಳ ಬೆಲೆಯೂ ಏರಿದೆ. ಹಳೆಯ ಜಾವಾದ ಕೀಲಿಗೆ ಹಲ್ಲುಗಳೇ ಇಲ್ಲ, ಅದು ಮೊಳೆಯಂಥ ಕಡ್ಡಿ. ಇಂಥ ಬೈಕಿಗೆ ರಕ್ಷಣೆ ಅಗತ್ಯವೇ. ಆದರೆ ಹಳೆಯ ಮಾದರಿಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟ್‌ನದು, ಮಾರುಕಟ್ಟೆಯ ಕಿಟ್‌ಗಳು 12 ವೋಲ್ಟ್‌ನವು. ನೇರವಾಗಿ ಜೋಡಿಸಿದರೆ ಕೆಲಸ ಮಾಡವು. ಇವುಗಳಿಗೆ ಬ್ಯಾಟರಿ ಬೇಡದ, ತನ್ನದೇ ಸೆಲ್ ಇರುವ ಅಲಾರಾಂ ಡಿಸ್ಕ್ ಲಾಕ್ ಕೂಡ ಹೊಂದುವುದಿಲ್ಲ, ಏಕೆಂದರೆ ಅವುಗಳದು ಡ್ರಮ್ ಬ್ರೇಕ್. ದಪ್ಪ ಸರಪಳಿಯೊಂದಿಗೆ ಬಳಸುವ ಅಲಾರಾಂ ಬೀಗವೇ ಸೂಕ್ತ. ಇಗ್ನಿಷನ್ ಕಾಯಿಲ್‌ಗೆ ಹೋಗುವ ತಂತಿಯಲ್ಲಿ ಗುಪ್ತ ಸ್ವಿಚ್ ಇಡುವ ಹಳೆಯ ಉಪಾಯವೂ ಇಂದಿಗೂ ಪರಿಣಾಮಕಾರಿ.

ಪರೀಕ್ಷೆ ಮತ್ತು ಹೊಂದಾಣಿಕೆ

ಕೆಲಸ ಮುಗಿದ ಮೇಲೆ ಇಗ್ನಿಷನ್ ಆಫ್ ಇಟ್ಟು, ಬ್ಯಾಟರಿಯ ಋಣ ತಂತಿಯ ಸರಣಿಯಲ್ಲಿ ಮೀಟರ್ ಜೋಡಿಸಿ ಎಷ್ಟು ವಿದ್ಯುತ್ ಹರಿಯುತ್ತಿದೆ ಎಂದು ನೋಡಬೇಕು. ಆ ಸ್ಥಿತಿಯಲ್ಲಿ ಬೈಕು ಚಾಲೂ ಮಾಡಿದರೆ ಮೀಟರ್ ಹಾಳಾಗುತ್ತದೆ. ನಂತರ ಅಲಾರಾಂ ಚಾಲೂ ಮಾಡಿ ಹ್ಯಾಂಡಲ್ ಅಲುಗಿಸುವುದು, ಸ್ಟ್ಯಾಂಡ್ ತೆಗೆಯುವುದು, ಕೀಲಿ ತಿರುಗಿಸುವುದು ಇವನ್ನೆಲ್ಲ ಪರೀಕ್ಷಿಸಬೇಕು.

ಸಂವೇದಕದ ಸೂಕ್ಷ್ಮತೆಯನ್ನು ಜಾಗಕ್ಕೆ ತಕ್ಕಂತೆ ಹೊಂದಿಸಬೇಕು. ಅಶೋಕಪುರಂನಲ್ಲಿ ರೈಲು ಹಳಿಯ ಸಮೀಪ ನಿಲ್ಲಿಸುವ ಬೈಕು ರೈಲು ಹಾದಾಗಲೆಲ್ಲ ಕೂಗಬಹುದು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ತಮಟೆ, ದೀಪಾವಳಿಯ ಪಟಾಕಿ, ಮಳೆಗಾಲದ ಗುಡುಗು ಇವೂ ಸಂವೇದಕವನ್ನು ಕೆರಳಿಸುತ್ತವೆ. ಪದೇ ಪದೇ ಸುಳ್ಳು ಕೂಗು ಹಾಕುವ ಅಲಾರಾಂ ಅಲಾರಾಂ ಇಲ್ಲದಿರುವುದಕ್ಕಿಂತ ಕಡೆ. ತೋಳ ಬಂತೆಂದು ಕೂಗಿದ ಹುಡುಗನ ಕಥೆಯಂತೆ, ನಿಜವಾಗಿ ಕಳ್ಳ ಬಂದ ರಾತ್ರಿ ನೆರೆಯವರಾರೂ ಬಾಗಿಲು ತೆರೆಯರು.

ಕಾನೂನು ಏನೆನ್ನುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಅಲಾರಾಂನಿಂದ ಆ ವಿವರಗಳು ಬದಲಾಗುವುದಿಲ್ಲ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮವು ಬಗೆಬಗೆಯ ಸ್ವರ ಹೊರಡಿಸುವ ಹಾರ್ನ್ ಹಾಗೂ ವಿಪರೀತ ಕರ್ಕಶವಾದ ಶಬ್ದಸಾಧನಗಳನ್ನು ನಿರ್ಬಂಧಿಸುತ್ತದೆ. ಆಂಬುಲೆನ್ಸ್, ಪೊಲೀಸ್ ಸೈರನ್ ಅನುಕರಿಸುವ ಕಿಟ್‌ಗಳನ್ನು ದೂರವಿಡಬೇಕು. ಅಲಾರಾಂ ಸೈರನ್ನನ್ನು ಹಾರ್ನ್ ಗುಂಡಿಗೆ ಜೋಡಿಸಿ ರಸ್ತೆಯಲ್ಲಿ ಬಳಸಬಾರದು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಹಾಗೂ ರಾತ್ರಿ 45 ಡೆಸಿಬೆಲ್. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆ. ಅರ್ಧ ನಿಮಿಷದೊಳಗೆ ತಾನಾಗಿ ನಿಲ್ಲುವ ಸೈರನ್ ಆಯ್ದುಕೊಳ್ಳುವುದು ನೆರೆಹೊರೆಯ ದೃಷ್ಟಿಯಿಂದಲೂ ಸೂಕ್ತ.

ಕಳುವಾದರೆ

ವಿಮೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಕಾನೂನು ಕಡ್ಡಾಯಗೊಳಿಸಿರುವ ಥರ್ಡ್ ಪಾರ್ಟಿ ವಿಮೆ ಕಳುವಿಗೆ ಪರಿಹಾರ ಕೊಡುವುದಿಲ್ಲ. ಅದಕ್ಕೆ ಸ್ವಂತ ಹಾನಿ ಅಥವಾ ಸಮಗ್ರ ವಿಮೆ ಬೇಕು. ಪುಣೆಯ ಎಆರ್‌ಎಐ ಸಂಸ್ಥೆಯ ಮಾನ್ಯತೆ ಪಡೆದ ಕಳ್ಳತನ ನಿರೋಧಕ ಸಾಧನಕ್ಕೆ ವಿಮಾ ಕಂತಿನಲ್ಲಿ ಸಣ್ಣ ರಿಯಾಯಿತಿ ಸಿಗುವುದುಂಟು. ಮಾನ್ಯತೆಯಿಲ್ಲದ ಕಿಟ್‌ಗೆ ಅದನ್ನು ನಿರೀಕ್ಷಿಸುವಂತಿಲ್ಲ. ಪರಿಹಾರ ಕೇಳುವಾಗ ಬೈಕಿನ ಎರಡೂ ಕೀಲಿಗಳನ್ನು ಕಂಪನಿ ಕೇಳುತ್ತದೆ, ಆದ್ದರಿಂದ ಎರಡನೆಯ ಕೀಲಿಯನ್ನು ಜೋಪಾನವಾಗಿಡಬೇಕು.

ಬೈಕು ಕಾಣದಿದ್ದರೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ವಿಳಂಬವಿಲ್ಲದೆ ದೂರು ದಾಖಲಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ ಅನ್ವಯಿಸುವುದು 303ನೇ ಕಲಮು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಕೃತ್ಯ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದಲ್ಲಿ ಕೊಟ್ಟ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು. ವಿಮಾ ಕಂಪನಿಗೂ ಅಂದೇ ತಿಳಿಸುವುದು ಕ್ಷೇಮ. ಪೊಲೀಸರಿಗೆ ತಕ್ಷಣ ದೂರು ನೀಡಿದ್ದಲ್ಲಿ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ತೀರ್ಪು ನೀಡಿದೆ. ಪತ್ತೆಯಾಗದ ಪ್ರಕರಣವೆಂದು ಪೊಲೀಸರು ಸಲ್ಲಿಸುವ 'ಸಿ ರಿಪೋರ್ಟ್' ವಿಮಾ ಹಣಕ್ಕೆ ಅಗತ್ಯವಾಗುತ್ತದೆ.

ನೋಂದಣಿ ಪತ್ರ, ವಿಮೆ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳ ಪ್ರತಿಯನ್ನು ಬೈಕಿನ ಪೆಟ್ಟಿಗೆಯಲ್ಲಿ ಮಾತ್ರ ಇಡದೆ ಮನೆಯಲ್ಲೂ ಇಟ್ಟುಕೊಳ್ಳಬೇಕು. ಅಲಾರಾಂ ಅಳವಡಿಸಿದ ರಸೀದಿ ಹಾಗೂ ತಂತಿಗಳ ನಕ್ಷೆಯೂ ಅದರ ಜೊತೆಗಿರಲಿ. ಮುಂದೊಂದು ದಿನ ಬೈಕು ರಿಪೇರಿಗೆ ಹೋದಾಗ ಮೆಕ್ಯಾನಿಕ್ ಮೊದಲು ಕೇಳುವುದು ಆ ನಕ್ಷೆಯನ್ನೇ.