ಸಿಎನ್‌ಸಿ ರೂಟರ್: ಲೀಡ್ ಸ್ಕ್ರೂಗೆ ಯಾವ ನಟ್ ಸೂಕ್ತ?

ಮನೆಯಲ್ಲಿಯೇ ಸಿಎನ್‌ಸಿ ರೂಟರ್ ನಿರ್ಮಿಸುವವರು ಮೋಟಾರು, ಸ್ಪಿಂಡಲ್‌ಗಳಿಗೆ ನೀಡುವಷ್ಟು ಗಮನವನ್ನು ಲೀಡ್ ಸ್ಕ್ರೂವಿನ ನಟ್‌ಗೆ ನೀಡುವುದು ವಿರಳ. ಕೊರೆದ ವೃತ್ತವು ನಾಲ್ಕು ಕಡೆ ಚಪ್ಪಟೆಯಾಗಿ ಬಂದರೆ ಮೊದಲು ಪರೀಕ್ಷಿಸಬೇಕಾದುದು ಇದನ್ನೇ. ಸ್ಕ್ರೂ ದಿಕ್ಕು ಬದಲಿಸಿದಾಗ, ನಟ್‌ನೊಳಗಿನ ಸಡಿಲ ತುಂಬುವವರೆಗೆ ಅಕ್ಷವು ಚಲಿಸುವುದಿಲ್ಲ. ಈ ದೋಷವೇ ಬ್ಯಾಕ್‌ಲ್ಯಾಶ್.

8 ಮಿ.ಮೀ. ವ್ಯಾಸದ ಟಿ8 ಸ್ಕ್ರೂವಿನೊಡನೆ ಬರುವ ಹಿತ್ತಾಳೆಯ ನಟ್, ಕೊರೆತದ ಬಲವೇ ಇಲ್ಲದ 3ಡಿ ಪ್ರಿಂಟರ್‌ಗಷ್ಟೇ ಸಾಕು. ಸ್ಪ್ರಿಂಗ್ ಅಳವಡಿಸಿದ ಜೋಡಿ ನಟ್ ಸಡಿಲವನ್ನು ನೀಗಿಸುತ್ತದೆ ನಿಜ. ಆದರೆ ಕೊರೆತದ ಬಲವು ಸ್ಪ್ರಿಂಗಿನ ಒತ್ತಡವನ್ನು ಮೀರಿದೊಡನೆ ಅದು ಮರಳುತ್ತದೆ. ಮರಗೆಲಸಕ್ಕೆ ಡೆಲ್ರಿನ್ ಪ್ಲಾಸ್ಟಿಕ್ಕಿನ ನಟ್ ಮೇಲು. ಅದಕ್ಕೆ ಎಣ್ಣೆ ಹೆಚ್ಚು ಬೇಡವಾದ್ದರಿಂದ ಮರದ ಪುಡಿ ಅಂಟುವುದೂ ಕಡಿಮೆ. ತಿರುಪಿನಿಂದ ಬಿಗಿ ಹೊಂದಿಸಬಲ್ಲ, ಸೀಳಿರುವ ನಟ್ಟನ್ನೇ ಆರಿಸಿರಿ. ಅತಿಯಾಗಿ ಬಿಗಿದರೆ ಸ್ಟೆಪರ್ ಮೋಟಾರು ಹೆಜ್ಜೆ ತಪ್ಪುತ್ತದೆ.

ಖರೀದಿಸುವಾಗ ಪಿಚ್ ಮಾತ್ರ ನೋಡಿದರೆ ಸಾಲದು. 2 ಮಿ.ಮೀ. ಪಿಚ್‌ನ ನಾಲ್ಕೆಳೆ ಸ್ಕ್ರೂ ಸುತ್ತಿಗೆ 8 ಮಿ.ಮೀ. ಸಾಗಿಸುತ್ತದೆ, ಒಂದೆಳೆಯ ನಟ್ ಅದಕ್ಕೆ ಹೊಂದದು.

ಅಲ್ಯೂಮಿನಿಯಂ ಕೊರೆಯುವ ಉದ್ದೇಶವಿದ್ದರೆ 16 ಮಿ.ಮೀ. ವ್ಯಾಸ, 5 ಮಿ.ಮೀ. ಲೀಡ್‌ನ ಬಾಲ್ ಸ್ಕ್ರೂ ಉತ್ತಮ. ಆದರೆ ಅದರಲ್ಲಿ ಘರ್ಷಣೆ ಅತ್ಯಲ್ಪ; ವಿದ್ಯುತ್ ಕೈಕೊಟ್ಟಾಗ ಭಾರವಾದ ಸ್ಪಿಂಡಲ್ ತಾನಾಗಿಯೇ ಕೆಳಗೆ ಜಾರಬಹುದು.