ಓಡುವ ಬಾಣ: ದೂರದ ಕಂಪ್ಯೂಟರಿನಲ್ಲಿ ಮೌಸ್ ಕರ್ಸರ್ ಏಕೆ ಕೈಕೊಡುತ್ತದೆ ಎಂಬುದರ ಇತಿಹಾಸ

2020ರ ಮಾರ್ಚಿನ ಲಾಕ್‌ಡೌನ್ ನಮ್ಮ ಮನೆಗಳಿಗೆ ತಂದ ಹೊಸ ಪದಗಳಲ್ಲಿ ‘ರಿಮೋಟ್ ಡೆಸ್ಕ್‌ಟಾಪ್’ ಒಂದು. ಡೊಂಬಿವಲಿಯ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಫೋರ್ಟಿನ ಆಫೀಸಿನ ಕಂಪ್ಯೂಟರ್ ನಡೆಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಪುಣೆಯಲ್ಲಿ ಕುಳಿತು ಧಾರವಾಡದ ಅಮ್ಮನ ಲ್ಯಾಪ್‌ಟಾಪಿನಲ್ಲಿ ಫೈಲು ಹುಡುಕಿಕೊಟ್ಟ ಹೆಣ್ಣುಮಕ್ಕಳೂ ಇದ್ದಾರೆ. ಹೀಗೆ ಕೆಲಸ ಮಾಡಿದವರೆಲ್ಲರೂ ಒಂದಲ್ಲ ಒಂದು ದಿನ ಆ ಪುಟ್ಟ ಬಾಣದ ಗುರುತಿನ ಕಾಟ ಅನುಭವಿಸಿಯೇ ಇರುತ್ತಾರೆ. ಬಾಣ ಕಾಣುವುದಿಲ್ಲ. ಇಲ್ಲವೇ ಎರಡೆರಡು ಕಾಣುತ್ತವೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಕ್ಲಿಕ್ ಆಗುತ್ತದೆ. ‘ನೆಟ್ ಸರಿ ಇಲ್ಲ’ ಎಂದು ಗೊಣಗಿ ಸುಮ್ಮನಾಗುವುದು ನಮ್ಮ ರೂಢಿ. ಆದರೆ ಬಹಳಷ್ಟು ಸಲ ನೆಟ್ಟಿನ ತಪ್ಪೇನೂ ಇರುವುದಿಲ್ಲ. ಅರುವತ್ತು ವರ್ಷಗಳಲ್ಲಿ ಬೇರೆ ಬೇರೆ ಊರಿನ ಬೇರೆ ಬೇರೆ ಎಂಜಿನಿಯರುಗಳು ತಮ್ಮ ತಮ್ಮ ಅನುಕೂಲಕ್ಕೆ ಮಾಡಿದ ತೀರ್ಮಾನಗಳು ಒಂದರ ಮೇಲೊಂದು ಕುಳಿತಿವೆ, ಬಾಣ ಆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

‘ಕರ್ಸರ್’ ಎಂಬುದು ಲ್ಯಾಟಿನ್ ಮಾತು, ಓಡುವವನು ಎಂದರ್ಥ. ಕಂಪ್ಯೂಟರಿಗಿಂತ ಬಹಳ ಹಿಂದೆಯೇ ಅದು ಎಂಜಿನಿಯರುಗಳ ಕೈಯಲ್ಲಿತ್ತು. ಕ್ಯಾಲ್ಕುಲೇಟರ್ ಬರುವ ಮುಂಚೆ ಲೆಕ್ಕಕ್ಕೆ ಬಳಸುತ್ತಿದ್ದ ಸ್ಲೈಡ್ ರೂಲಿನ ಮೇಲೆ ಅತ್ತಿತ್ತ ಜಾರುವ, ನಡುವೆ ಕೂದಲೆಳೆಯಂಥ ಗೆರೆಯಿದ್ದ ಗಾಜಿನ ತುಂಡಿಗೆ ಕರ್ಸರ್ ಎಂದೇ ಹೆಸರು. ನಮ್ಮ ಸಂಘದ ಹಿರಿಯರಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಅದು ಚೆನ್ನಾಗಿ ನೆನಪಿರಬೇಕು.

ಮೌಸ್ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಕಲ್ಪನೆ ಡಗ್ಲಸ್ ಎಂಗಲ್‌ಬಾರ್ಟ್ ಅವರದು, ಕೈಯಾರೆ ಮಾಡಿಕೊಟ್ಟವರು ಬಿಲ್ ಇಂಗ್ಲಿಷ್. ಮರದ ಪೆಟ್ಟಿಗೆ, ಕೆಳಗೆ ಒಂದಕ್ಕೊಂದು ಅಡ್ಡವಾಗಿ ಎರಡು ಲೋಹದ ಚಕ್ರ, ಮೇಲೊಂದು ಗುಂಡಿ, ಅಷ್ಟೇ. ಪರದೆಯ ಮೇಲೆ ಓಡಾಡುವ ಗುರುತನ್ನು ಅವರು ಕರೆದದ್ದು ‘ಬಗ್’ ಎಂದು, ಅಂದರೆ ಹುಳ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಎಂಗಲ್‌ಬಾರ್ಟ್ ಸುಮಾರು ಸಾವಿರ ಜನರೆದುರು ಒಂದೂವರೆ ಗಂಟೆ ಇದನ್ನು ಮಾಡಿ ತೋರಿಸಿದರು. ಮೌಸಿನ ಮೊದಲ ಸಾರ್ವಜನಿಕ ಪ್ರದರ್ಶನ ಎಂದು ಎಲ್ಲರೂ ಇದನ್ನು ಹೇಳುತ್ತಾರೆ. ಆದರೆ ನನಗೆ ಹೆಚ್ಚು ಮುಖ್ಯ ಎನಿಸುವುದು ಬೇರೆ ಸಂಗತಿ. ಆ ದಿನ ವೇದಿಕೆಯ ಮೇಲೆ ಕಂಪ್ಯೂಟರ್ ಇರಲೇ ಇಲ್ಲ. ಅದು ಸುಮಾರು 48 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕಿನಲ್ಲಿತ್ತು. ಚಿತ್ರ ಮೈಕ್ರೋವೇವ್ ಮೂಲಕ ಬರುತ್ತಿತ್ತು, ಕೈಯ ಚಲನೆ ಟೆಲಿಫೋನ್ ತಂತಿಯಲ್ಲಿ ಹೋಗುತ್ತಿತ್ತು. ಅಂದರೆ ಜಗತ್ತು ಮೊದಲು ನೋಡಿದ ಮೌಸೇ ದೂರದಿಂದ ನಡೆಸಿದ ಮೌಸು. ಅಷ್ಟು ಸಾಲದೆಂಬಂತೆ, ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್ ಅವರ ಬಗ್ ಕೂಡ ಅದೇ ಪರದೆಯ ಮೇಲೆ ಬಂತು. ಒಂದು ಪರದೆ, ಎರಡು ಬಾಣ: ಇಂದು ನಾವು ತಲೆ ಕೆರೆದುಕೊಳ್ಳುವ ದೃಶ್ಯ 1968ರಲ್ಲೇ ನಡೆದುಹೋಗಿತ್ತು, ಚಪ್ಪಾಳೆಯೊಂದಿಗೆ!

ಮುಂದಿನ ತೀರ್ಮಾನ ನಡೆದದ್ದು ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ, 1973ರ ಆಲ್ಟೋ ಎಂಬ ಕಂಪ್ಯೂಟರಿನಲ್ಲಿ. ಬಾಣ ಸರಿದಾಡಿದಾಗಲೆಲ್ಲ ಅದರ ಅಡಿಯ ಚಿತ್ರವನ್ನು ಅಳಿಸಿ ಮತ್ತೆ ಬರೆಯುವುದು ಆ ಕಾಲದ ಯಂತ್ರಕ್ಕೆ ಭಾರವಾಗುತ್ತಿತ್ತು. ಅದಕ್ಕೆ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಕರ್ಸರನ್ನು ಚಿತ್ರದಿಂದ ಹೊರಗೇ ಇಟ್ಟು, ಪರದೆಗೆ ಹೋಗುವ ಕೊನೆಯ ಗಳಿಗೆಯಲ್ಲಿ ಮೇಲೆ ಸೇರಿಸಿದರು. ಇಂದಿಗೂ ನಮ್ಮ ಗ್ರಾಫಿಕ್ಸ್ ಚಿಪ್ ಮಾಡುವುದು ಇದನ್ನೇ. ನಮ್ಮ ದೇವರ ಮನೆಯಲ್ಲಿ ಫೋಟೋದ ಗಾಜಿನ ಮೇಲೆ ಕುಂಕುಮ ಇಡುತ್ತೇವಲ್ಲ, ಹಾಗೆ. ನೋಡಿದವರಿಗೆ ಕುಂಕುಮ ದೇವರ ಹಣೆಯ ಮೇಲೇ ಇದೆ. ಚೌಕಟ್ಟು ಬಿಚ್ಚಿ ಒಳಗಿನ ಫೋಟೋವನ್ನಷ್ಟೇ ಜೆರಾಕ್ಸ್ ಮಾಡಿಸಿದರೆ ಕುಂಕುಮ ಬರುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶ ದೂರದ ಪರದೆಯ ಚಿತ್ರ ತೆಗೆದು ನಮಗೆ ಕಳಿಸುವಾಗ ಬಾಣ ಬಿಟ್ಟುಹೋಗುವುದಕ್ಕೆ ಮೂಲ ಕಾರಣ ಇಲ್ಲಿದೆ. ಬಾಣವನ್ನು ಅದು ಪ್ರತ್ಯೇಕವಾಗಿ ಕೇಳಿ ತರಬೇಕು.

ಈ ಕಥೆಯಲ್ಲಿ ಹೆಂಗಸರು ಇಲ್ಲವೇ ಎಂದರೆ, ಇದ್ದಾರೆ. ಅದೇ ಝೆರಾಕ್ಸ್ ಕೇಂದ್ರದ ಅಡೆಲ್ ಗೋಲ್ಡ್‌ಬರ್ಗ್, 1979ರಲ್ಲಿ ಆಪಲ್ ಕಂಪನಿಯವರಿಗೆ ತಮ್ಮ ಕೆಲಸವನ್ನೆಲ್ಲ ಬಿಚ್ಚಿ ತೋರಿಸುವುದು ಬೇಡವೇ ಬೇಡ ಎಂದು ಪಟ್ಟು ಹಿಡಿದವರು. ಮೇಲಿನವರ ಅಪ್ಪಣೆ ಬಂದ ಮೇಲಷ್ಟೇ ತೋರಿಸಿದರು. ಮುಂದೆ ಏನಾಯಿತೆಂದು ಜಗತ್ತಿಗೇ ಗೊತ್ತು. ಆಪಲ್‌ನ 1984ರ ಮ್ಯಾಕಿಂತಾಶ್‌ಗೆ ಚಿತ್ರಗಳನ್ನು ಬರೆದವರು ಸೂಸನ್ ಕೇರ್. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬುತ್ತ ಅವರು ಆ ಕಂಪ್ಯೂಟರಿನ ಐಕಾನುಗಳನ್ನು ರೂಪಿಸಿದರು. ಚುಕ್ಕಿ ರಂಗೋಲಿಯಲ್ಲೋ ಕ್ರಾಸ್‌ಸ್ಟಿಚ್‌ನಲ್ಲೋ ಕೈ ಪಳಗಿದವರಿಗೆ ಆ ಕೆಲಸದ ಕಷ್ಟ ಸುಖ ವಿವರಿಸಬೇಕಿಲ್ಲ.

ಇನ್ನು ಇಂಗ್ಲೆಂಡಿನ ಕೇಂಬ್ರಿಜ್. ಅಲ್ಲಿನ ಒಲಿವೆಟ್ಟಿ ಸಂಶೋಧನಾಲಯದವರು 1990ರ ದಶಕದಲ್ಲಿ ವಿ.ಎನ್.ಸಿ. ಎಂಬ ತಂತ್ರಾಂಶ ಮಾಡಿದರು. (ಆ ತಂಡದ ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್ 1991ರಲ್ಲಿ ತಮ್ಮ ವಿಭಾಗದ ಕಾಫಿ ಪಾತ್ರೆಗೆ ಕ್ಯಾಮೆರಾ ಕಟ್ಟಿ, ಕಾಫಿ ಉಳಿದಿದೆಯೇ ಎಂದು ಕುಳಿತಲ್ಲಿಂದಲೇ ನೋಡುವ ವ್ಯವಸ್ಥೆ ಮಾಡಿದವರಲ್ಲೊಬ್ಬರು. ದೂರದಿಂದ ನೋಡುವ ಚಟ ಹಳೆಯದು!) ವಿ.ಎನ್.ಸಿ.ಯ ಒಪ್ಪಂದ ಬಹಳ ಸರಳ. ಆ ಕಡೆಯಿಂದ ಪರದೆಯ ಚಿತ್ರ ಬರುತ್ತದೆ. ಈ ಕಡೆಯಿಂದ ಮೌಸ್ ಅಲುಗಿದಾಗಲೆಲ್ಲ ಕೇವಲ 6 ಬೈಟ್‌ನ ಒಂದು ಸಂದೇಶ ಹೋಗುತ್ತದೆ: ಯಾವ ಗುಂಡಿ ಒತ್ತಿದೆ, ಎಡದಿಂದ ಎಷ್ಟನೇ ಚುಕ್ಕಿ, ಮೇಲಿನಿಂದ ಎಷ್ಟನೇ ಚುಕ್ಕಿ. ಆರಂಭದಲ್ಲಿ ದೂರದ ಬಾಣವನ್ನು ಚಿತ್ರದೊಳಗೇ ಬರೆದು ಕಳಿಸುತ್ತಿದ್ದರು. ನಮ್ಮ ಕಡೆಯ ಬಾಣ ಬೇರೆ ಇರುತ್ತಿತ್ತು, ಅದನ್ನು ಒಂದು ಸಣ್ಣ ಚುಕ್ಕಿಯಾಗಿ ತೋರಿಸುತ್ತಿದ್ದರು. ಚುಕ್ಕಿ ಮುಂದೆ ಓಡುತ್ತಿತ್ತು, ಬಾಣ ಏದುಸಿರು ಬಿಡುತ್ತ ಹಿಂದೆ ಬರುತ್ತಿತ್ತು. ಆಮೇಲೆ ಬಾಣದ ಆಕಾರವನ್ನು ಮಾತ್ರ ಒಮ್ಮೆ ಕಳಿಸಿ, ಈ ಕಡೆಯೇ ಅದನ್ನು ಬರೆದುಕೊಳ್ಳುವ ಉಪಾಯ ಬಂತು. ಎರಡೂ ಪದ್ಧತಿ ಇಂದಿಗೂ ಬಳಕೆಯಲ್ಲಿವೆ, ಒಮ್ಮೊಮ್ಮೆ ಎರಡೂ ಒಟ್ಟಿಗೆ ಚಾಲೂ ಆಗಿಬಿಡುತ್ತವೆ. ಎರಡು ಬಾಣ ಕಂಡರೆ ಟೀಮ್‌ವ್ಯೂವರ್, ಎನಿಡೆಸ್ಕ್ ಮುಂತಾದವುಗಳಲ್ಲಿ ‘ಶೋ ರಿಮೋಟ್ ಕರ್ಸರ್’ ಎಂಬ ಆಯ್ಕೆಯ ಗುರುತು ತೆಗೆದರೆ ಸಾಕು.

ಮೈಕ್ರೋಸಾಫ್ಟ್ ಈ ದಾರಿಗೆ ಬಂದದ್ದು 1998ರಲ್ಲಿ, ವಿಂಡೋಸ್ ಎನ್.ಟಿ. 4.0ರ ಟರ್ಮಿನಲ್ ಸರ್ವರ್ ಮೂಲಕ. ಅದಕ್ಕೂ ಮುಂಚೆ ಸಿಟ್ರಿಕ್ಸ್ ಕಂಪನಿ 1995ರಲ್ಲೇ ವಿನ್‌ಫ್ರೇಮ್ ತಂದಿತ್ತು. 2001ರ ಎಕ್ಸ್‌ಪಿ ಪ್ರೊಫೆಷನಲ್‌ನಿಂದ ಸಾಮಾನ್ಯ ಕಂಪ್ಯೂಟರಿಗೂ ರಿಮೋಟ್ ಡೆಸ್ಕ್‌ಟಾಪ್ ಸಿಕ್ಕಿತು. ಇಲ್ಲಿ ಬಾಣವನ್ನು ಬರೆಯುವುದು ನಮ್ಮ ಕಡೆಯ ಕಂಪ್ಯೂಟರೇ. ಹಾಗಾಗಿ ಬಾಣ ಚುರುಕಾಗಿ ಓಡುತ್ತದೆ, ಆದರೆ ಬೇರೊಂದು ತೊಂದರೆ ಇದೆ. ಬರಹದ ಮೇಲೆ ಹೋದಾಗ ಬಾಣ ಒಂದು ಸಣ್ಣ ಉದ್ದ ಗೆರೆಯಾಗುತ್ತದಲ್ಲ, ಆ ಗೆರೆಗೆ ಸ್ವಂತ ಬಣ್ಣವೇ ಇಲ್ಲ. ಹಿಂದಿರುವ ಬಣ್ಣವನ್ನು ತಿರುಗಿಸಿ ತೋರಿಸುವುದು ಅದರ ಹಳೆಯ ಜಾಣತನ: ಬಿಳಿಯ ಮೇಲೆ ಕಪ್ಪು, ಕಪ್ಪಿನ ಮೇಲೆ ಬಿಳಿ. ದೂರದಿಂದ ಆಕಾರ ಬಂದಾಗ ಈ ತಿರುಗಿಸುವ ವಿದ್ಯೆ ಕೆಲವು ಕಡೆ ನಡೆಯುವುದಿಲ್ಲ, ಬಿಳಿ ಹಾಳೆಯ ಮೇಲೆ ಬಿಳಿ ಗೆರೆಯಾಗಿ ಕುಳಿತುಬಿಡುತ್ತದೆ. ಬೆಳಿಗ್ಗೆಯಿಂದ ವರ್ಡ್ ಫೈಲಿನಲ್ಲಿ ಕರ್ಸರ್ ಹುಡುಕಿ ಕಣ್ಣು ಕೆಂಪಾದವರು ದೂರದ ಕಂಪ್ಯೂಟರಿನ ಮೌಸ್ ಸೆಟ್ಟಿಂಗಿಗೆ ಹೋಗಿ, ‘ಪಾಯಿಂಟರ್ಸ್’ ಎಂಬಲ್ಲಿ ‘ವಿಂಡೋಸ್ ಬ್ಲ್ಯಾಕ್’ ಆರಿಸಿಕೊಳ್ಳಬಹುದು. ನಮ್ಮ ಕಂಪ್ಯೂಟರಿನಲ್ಲಿ ಬದಲಿಸಿದರೆ ಪ್ರಯೋಜನವಿಲ್ಲ, ಆಕಾರ ಬರುವುದು ಅಲ್ಲಿಂದ.

ನಮ್ಮ ನಾಡಿನ ನಂಟು ಇರುವುದು ದೂರದ ಲೆಕ್ಕದಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅವರ ಉಪಗ್ರಹ ಸಂಪರ್ಕದ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಪ್ರಸಿದ್ಧವಾಗಿದೆ. ಅಂಥ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ಸಂಕೇತ ಮೇಲೆ ಹೋಗಿ ಕೆಳಗಿಳಿದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗಿಳಿಯಬೇಕೆಂದರೆ ಬೆಳಕಿನ ವೇಗದಲ್ಲೂ ಹೆಚ್ಚುಕಡಿಮೆ ಅರ್ಧ ಸೆಕೆಂಡು ಬೇಕು. ಕೀಲಿ ಒತ್ತಿ ಅಕ್ಷರ ಬರುವುದಕ್ಕೆ ಕಾಯಬಹುದು. ಅರ್ಧ ಸೆಕೆಂಡು ತಡವಾಗಿ ಬರುವ ಬಾಣವನ್ನು ಗುಂಡಿಯ ಮೇಲೆ ನಿಲ್ಲಿಸಲು ಮಾತ್ರ ಯಾರಿಂದಲೂ ಆಗದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿ–ಬೆಂಗಳೂರು ನಡುವೆ ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ದಾರಿಯ ಸುತ್ತುಬಳಸು ಸೇರಿಸಿದರೂ ಕಣ್ಣಿಗೆ ಗೊತ್ತಾಗುವಂಥದಲ್ಲ. ಆದ್ದರಿಂದ ದೇಶದೊಳಗೆ ಬಾಣ ಎಳೆದಾಡುತ್ತಿದ್ದರೆ ಊರ ದೂರವನ್ನು ಬೈಯುವ ಮುಂಚೆ ಎರಡು ಗೋಡೆಯಾಚೆ ಇಟ್ಟ ವೈಫೈ ಪೆಟ್ಟಿಗೆಯನ್ನು ನೋಡುವುದು ವಾಸಿ.

ಕ್ಲಿಕ್ ಬೇರೆಡೆ ಬೀಳುವ ರೋಗ ಬಂದದ್ದು ಪರದೆಗಳು ನಯವಾದ ಮೇಲೆ. ಸಣ್ಣ ಪರದೆಯಲ್ಲಿ ಚುಕ್ಕಿಗಳು ಹೆಚ್ಚಾದಂತೆ ಅಕ್ಷರ ಕಾಣದಂತಾಯಿತು, ಆಗ ಎಲ್ಲವನ್ನೂ 125 ಅಥವಾ 150 ಪ್ರತಿಶತಕ್ಕೆ ಹಿಗ್ಗಿಸುವ ಏರ್ಪಾಡು ಬಂತು. ಒಂದು ಕಡೆಯವರು ಹಿಗ್ಗಿಸಿದ ಲೆಕ್ಕದಲ್ಲಿ, ಇನ್ನೊಂದು ಕಡೆಯವರು ಹಿಗ್ಗಿಸದ ಲೆಕ್ಕದಲ್ಲಿ ಎಣಿಸಿದರೆ 1000ನೇ ಚುಕ್ಕಿಯ ಮೇಲಿನ ಒತ್ತು 800ನೇ ಚುಕ್ಕಿಗೆ ಹೋಗಿ ಬೀಳುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಪರದೆಯ ಎಡ ಮೇಲ್ಮೂಲೆಯಲ್ಲಿ ತಪ್ಪು ಚಿಕ್ಕದು, ಬಲ ಕೆಳಮೂಲೆಗೆ ಹೋದಂತೆ ದೊಡ್ಡದು ಎಂದಾದರೆ ಹಿಗ್ಗಿಸುವಿಕೆಯೇ ಕಾರಣ, ಎರಡೂ ಕಡೆ 100 ಪ್ರತಿಶತ ಮಾಡಿ ನೋಡಿ. ಎಲ್ಲೆಡೆ ಒಂದೇ ಅಳತೆಯ ತಪ್ಪಾದರೆ ಆ ಕಡೆ ಎರಡು ಮಾನಿಟರ್ ಇರುವ ಸಂಭವ ಹೆಚ್ಚು. ಮುಖ್ಯ ಮಾನಿಟರಿನ ಎಡಕ್ಕೆ ಇನ್ನೊಂದಿದ್ದರೆ ವಿಂಡೋಸ್ ಅದನ್ನು ಸೊನ್ನೆಗಿಂತ ಕೆಳಗಿನ ಸಂಖ್ಯೆಯಲ್ಲಿ ಎಣಿಸುತ್ತದೆ, ಲೆಕ್ಕ ತಪ್ಪುವುದು ಅಲ್ಲಿ.

ಬಾಣ ಪೂರ್ತಿ ಮಾಯವಾಗುವ ಪ್ರಸಂಗಕ್ಕೆ ಕಾರಣ ಕೇಳಿದರೆ ನಗು ಬರುತ್ತದೆ. ಇತ್ತೀಚಿನ ವಿಂಡೋಸ್, ತನಗೆ ಮೌಸೇ ಜೋಡಿಸಿಲ್ಲ ಎಂದು ತಿಳಿದರೆ ಬಾಣವನ್ನು ತೋರಿಸುವ ಗೋಜಿಗೇ ಹೋಗುವುದಿಲ್ಲ. ಆಫೀಸಿನಲ್ಲಿ ಯಾರೋ ಮೌಸ್ ಕಿತ್ತು ಪಕ್ಕದ ಮೇಜಿಗೆ ಕೊಟ್ಟಿದ್ದರೆ ಮನೆಯಲ್ಲಿ ಕುಳಿತ ನಮಗೆ ಬಾಣವಿಲ್ಲ! ಒಂದು ಹಳೆಯ ಮೌಸ್ ಸಿಕ್ಕಿಸಿದರೆ ಸರಿಹೋಗುತ್ತದೆ. ಅದಾಗದಿದ್ದರೆ ಆ ಕಂಪ್ಯೂಟರಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೌಸ್ ಕೀಸ್’ ಚಾಲೂ ಮಾಡಿ. ಕೈ ನಡುಕದಿಂದ ಮೌಸ್ ಹಿಡಿಯಲಾಗದವರೂ ನಂಬರ್ ಕೀಲಿಗಳಿಂದ ಬಾಣ ಸರಿಸಲೆಂದು ಇಟ್ಟ ಸೌಲಭ್ಯವದು. ಅದು ಚಾಲೂ ಇದ್ದರೆ ವಿಂಡೋಸ್ ಬಾಣವನ್ನು ತೋರಿಸಲೇಬೇಕಾಗುತ್ತದೆ.

ಬಾಣ ಕಾಣುತ್ತದೆ, ಆದರೆ ನಾವು ಅಲುಗಿಸಿದರೆ ಆ ಕಡೆ ಏನೂ ನಡೆಯದು ಎಂದಾದರೆ ಅದು ಕೆಟ್ಟದ್ದಲ್ಲ, ಕಾವಲು. ವಿಂಡೋಸ್ ವಿಸ್ಟಾ ಕಾಲದಿಂದ, ತಂತ್ರಾಂಶ ಸ್ಥಾಪಿಸುವಾಗ ‘ಒಪ್ಪಿಗೆಯೇ?’ ಎಂದು ಕೇಳುವ ಕಿಟಕಿಯನ್ನು ಬೇರೆಯೇ ಪರದೆಯಲ್ಲಿ ತೆರೆಯುತ್ತಾರೆ, ವಿಶೇಷ ಅಧಿಕಾರವಿಲ್ಲದ ದೂರದ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಮ್ಯಾಕ್‌ನಲ್ಲಿ 2018ರ ಮೊಹಾವೆಯಿಂದ, ಬೇರೊಂದು ತಂತ್ರಾಂಶ ಬಾಣವನ್ನು ನಡೆಸಲು ‘ಆಕ್ಸೆಸಿಬಿಲಿಟಿ’ ಎಂಬಲ್ಲಿ ಮಾಲೀಕರ ಅನುಮತಿ ಬೇಕು. 2019ರ ಕ್ಯಾಟಲೀನಾದಿಂದ ಪರದೆ ನೋಡುವುದಕ್ಕೂ ಬೇಕು. ಅಮ್ಮನಿಗೆ ಫೋನಿನಲ್ಲಿ ಹೇಳಿ ಅವರ ಕೈಯಿಂದಲೇ ಅನುಮತಿ ಕೊಡಿಸಬೇಕು, ಬೇರೆ ದಾರಿಯಿಲ್ಲ. ಕಿರಿಕಿರಿ ನಿಜ, ಆದರೆ ಈ ಕಿರಿಕಿರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಏಕೆಂದರೆ ಪರದೆಯ ಬಾಣ ಯಾರ ಕೈಯಲ್ಲಿದೆಯೋ ಬ್ಯಾಂಕಿನ ಖಾತೆಯೂ ಅವರ ಕೈಯಲ್ಲೇ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಆ್ಯಪನ್ನು ಹೆಸರಿಸಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಆ್ಯಪ್ ತಾನಾಗಿ ಕೆಟ್ಟದ್ದೇನಲ್ಲ, ನಮ್ಮಲ್ಲಿ ಎಷ್ಟೋ ಜನ ದಿನವೂ ಬಳಸುತ್ತಾರೆ. ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿದವರು ಅದನ್ನು ಹಾಕಿಸಿ, ಅದರಲ್ಲಿ ಬರುವ ಅಂಕಿಯನ್ನು ಕೇಳಿ ಪಡೆದು, ಫೋನನ್ನು ತಮ್ಮ ವಶಕ್ಕೆ ತೆಗೆದುಕೊಂಡು ಯು.ಪಿ.ಐ. ಮೂಲಕ ಹಣ ಎತ್ತುತ್ತಿದ್ದರು. ಮನೆಯಲ್ಲಿ ಹಗಲು ಒಬ್ಬರೇ ಇರುವ ಹಿರಿಯರಿಗೆ ಇದನ್ನು ಒಂದು ಸಲ ತೋರಿಸಿಕೊಟ್ಟಿರುವುದು ಅಗತ್ಯ: ನೀವು ಮುಟ್ಟದೆ ಬಾಣ ತಾನೇ ಓಡಾಡಿದರೆ, ಅಥವಾ ಫೋನಿನ ಪರದೆ ತಾನೇ ಸರಿದರೆ, ಯಾವ ಗುಂಡಿಯನ್ನೂ ಹುಡುಕುತ್ತ ಕೂರಬೇಡಿ. ಕಂಪ್ಯೂಟರಾದರೆ ವೈಫೈ ಪೆಟ್ಟಿಗೆಯ ಸ್ವಿಚ್ ಆರಿಸಿ, ಫೋನಾದರೆ ಬಂದ್ ಮಾಡಿ. ಸಂಪರ್ಕ ಕಡಿದ ಕ್ಷಣ ದೂರದ ಕೈ ನಿಷ್ಕ್ರಿಯವಾಗುತ್ತದೆ. ಹಣ ಹೋಗಿದ್ದರೆ ಇನ್ನೊಂದು ಫೋನಿನಿಂದ ತಡಮಾಡದೆ ಬ್ಯಾಂಕಿಗೂ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಈ ಸಂಖ್ಯೆ ದೇಶದ ಯಾವ ಊರಿನಿಂದಲೂ ನಡೆಯುತ್ತದೆ.