ಸಂಸ್ಥೆಯ ಧನ, ಸೇವಕರ ಪಾಲು

ಸಂಸ್ಥೆಗಳ ಚರಿತ್ರೆಯಲ್ಲಿ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ವೃತ್ತಾಂತವು ಮನನೀಯವಾದುದು. 1884ರಲ್ಲಿ ಸ್ಥಾಪಿತವಾಗಿ, ಮರುವರ್ಷವೇ ಫರ್ಗ್ಯುಸನ್ ಕಾಲೇಜನ್ನು ತೆರೆದ ಈ ಸಂಸ್ಥೆಗೆ, ಅಲ್ಪವೇತನದಲ್ಲಿ ದೀರ್ಘಕಾಲ ದುಡಿಯಲೊಪ್ಪಿದ ಆಜೀವ ಸದಸ್ಯರ ತ್ಯಾಗವೇ ಮೂಲಧನವಾಗಿದ್ದಿತು. ಆದರೆ ಆ ತ್ಯಾಗದ ಮೇರೆ ಯಾವುದೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವು ತಲೆದೋರಿತು. ಸದಸ್ಯರ ಸರ್ವಕಾಲವೂ ಸಂಸ್ಥೆಗೇ ಸಲ್ಲತಕ್ಕುದು, ಹೊರಗಿನ ಸಂಪಾದನೆ ಕೂಡದೆಂದು ಬಾಲಗಂಗಾಧರ ತಿಲಕರು ಸಾಧಿಸಿದರು. ಕುಟುಂಬಪೋಷಣೆಯ ಭಾರವನ್ನು ಬಲ್ಲ ಆಗರಕರ, ಗೋಖಲೆ ಮೊದಲಾದವರು ಅಷ್ಟು ಕಠಿನವಾದ ನಿಯಮವನ್ನು ಒಪ್ಪಲಿಲ್ಲ. 1890ರಲ್ಲಿ ತಿಲಕರು ಸಂಸ್ಥೆಯನ್ನು ತೊರೆದರು. ಗೋಖಲೆಯವರು 1902ರವರೆಗೂ ಅಲ್ಲಿಯೇ ಸೇವೆಗೈದರು. ಉಭಯಪಕ್ಷದವರೂ ನಿಃಸ್ವಾರ್ಥಿಗಳೇ. ಆದುದರಿಂದ ಸೇವಕರ ತ್ಯಾಗವೆಷ್ಟೇ ಹಿರಿದಾಗಿರಲಿ, ಸಂಸ್ಥೆಗೆ ಸಲ್ಲುವುದೆಷ್ಟು, ಅವರ ಮನೆಗೆ ಸಲ್ಲುವುದೆಷ್ಟೆಂಬ ಹಂಚಿಕೆಯನ್ನು ಎಲ್ಲರೂ ಒಂದೇ ಅರ್ಥದಲ್ಲಿ ಗ್ರಹಿಸುವಂತೆ ಮೊದಲೇ ನಿಶ್ಚಯಿಸುವುದು ಅತ್ಯವಶ್ಯವೆಂಬುದು ಸದ್ಭಕ್ತರಿಗೆ ಮನವರಿಕೆಯಾಗದಿರದು.